‘ಮರಳಿ ಮಣ್ಣಿಗೆ’: ಮೂರು ತಲೆಮಾರುಗಳ ಕತೆಯನ್ನು ಎಳೆ ತಪ್ಪದಂತೆ ಓದುವುದು ಹೇಗೆ?

ಹಾಸನದ_ಓದುಗ
ಕಾರಂತರ ‘ಮರಳಿ ಮಣ್ಣಿಗೆ’ ಓದುತ್ತಿದ್ದೇನೆ. ಯಾರು ಯಾರಿಗೆ ಏನಾಗಬೇಕು ಎಂಬುದು ನಡುನಡುವೆ ಕಲಸಿಹೋಗುತ್ತಿದೆ. ಯಾವ ಕಾಲದಲ್ಲಿದ್ದೇವೆ ಎಂಬುದೂ ಹಿಡಿತಕ್ಕೆ ಸಿಗುತ್ತಿಲ್ಲ. ಕರಾವಳಿಯ ಬೇಸಾಯದ ಮಾತುಗಳಂತೂ ನನಗೆ ಹೊಸವು. ವಂಶವೃಕ್ಷ ಬರೆದಿಟ್ಟುಕೊಂಡರೆ ಸಾಕೇ?

ಕೋಡಿಬೈಲು
ವಂಶವೃಕ್ಷ ಬರೆದರೆ ಈ ಕಾದಂಬರಿಯಲ್ಲಿ ದಾರಿ ತಪ್ಪುವುದೇ ಹೆಚ್ಚು. ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ ಎಂದು ಮೂರು ಗೆರೆ ಎಳೆದರೆ ಮುಗಿಯಿತು. ಐತಾಳರ ಮೊದಲ ಹೆಂಡತಿ, ಮಕ್ಕಳಿಲ್ಲದ ಪಾರೋತಿಗೆ, ಐತಾಳರ ವಿಧವೆ ತಂಗಿ ಸರಸೋತಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. ಮನೆ ನಿಂತಿರುವುದು ಅವರ ದುಡಿಮೆಯ ಮೇಲೆ!

ಹಾಗಾಗಿ ಮರದ ಬದಲು ಮನೆ ಬರೆಯಿರಿ. ಹಾಳೆಯನ್ನು ಅಡ್ಡ ಇಟ್ಟು ಎರಡು ಚೌಕ ಹಾಕಿ: ಒಂದು ಐತಾಳರ ಮನೆ, ಇನ್ನೊಂದು ನೆರೆಯ ಶೀನಮಯ್ಯರ ಮನೆ. ಒಬ್ಬೊಬ್ಬರು ಮನೆಗೆ ಬಂದಾಗ (ಮದುವೆ, ಹುಟ್ಟು) ಹೆಸರು ಸೇರಿಸಿ, ಹೋದಾಗ (ಸಾವು, ಊರು ಬಿಡುವುದು) ಗೆರೆ ಎಳೆಯಿರಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿ. ಶೀನಮಯ್ಯರ ಚೌಕವನ್ನು ಬಿಡಬೇಡಿ. ಅವರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲಿಟ್ಟು ದುಡ್ಡು ಮಾಡುವುದನ್ನು ಗಮನಿಸದಿದ್ದರೆ ಐತಾಳರ ಹಲವು ತೀರ್ಮಾನಗಳು ಬರೀ ಹಠದಂತೆ ಕಾಣುತ್ತವೆ.

ಹೆಸರಿನ ವಿಷಯ: ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ, ಆದ್ದರಿಂದ ಇಬ್ಬರು ರಾಮರು. ಟಿಪ್ಪಣಿಯಲ್ಲಿ ‘ಅಜ್ಜ ರಾಮ’, ‘ಮೊಮ್ಮಗ ರಾಮ’ ಎಂದೇ ಬರೆದುಕೊಳ್ಳಿ. ಲಚ್ಚ ಎಂದರೆ ಲಕ್ಷ್ಮೀನಾರಾಯಣ. ಎರಡು ಹೆಸರು ಕಂಡು ಇಬ್ಬರೆಂದುಕೊಳ್ಳಬೇಡಿ.

ಮುಡಿ_ಅಕ್ಕಿ
ಕಾಲಕ್ಕೆ ನಾಲ್ಕೈದು ಗೂಟ ಹೊಡೆದುಕೊಂಡರೆ ಸಾಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲಿನ ಭಾಗದಲ್ಲಿ ದೋಣಿ, ಕಾಲ್ನಡಿಗೆಗಳೇ ದಾರಿ. ಹತ್ತಿರದ ಊರೂ ದೂರವೇ. ಮೊಮ್ಮಗ ಚಳವಳಿಗೆ ಇಳಿಯುವ ಭಾಗಕ್ಕೆ 1930ರ ಉಪ್ಪಿನ ಸತ್ಯಾಗ್ರಹವನ್ನು ಗುರುತಾಗಿಟ್ಟುಕೊಳ್ಳಿ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹುಡುಗ ಓದಲು ಮದರಾಸಿಗೆ ಹೋಗುವುದು ಅದಕ್ಕೇ. ಹಳೆಯ ಮೈಸೂರಿನವರಿಗೆ ಇದು ಥಟ್ಟನೆ ಹೊಳೆಯುವುದಿಲ್ಲ.

ಗದ್ದೆ ಮೂರು ಬಗೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ಮೂರು ಬೆಳೆಯವರೆಗೆ ತೆಗೆಯಬಹುದು. ನಡುವಿನದು ಮಜಲು, ಎರಡು ಬೆಳೆ. ಎತ್ತರದ್ದು ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ಮಲೆನಾಡಿನ ಬೆಟ್ಟವೆಂದು ಓದಿಕೊಂಡರೆ ಅರ್ಥ ಕೆಡುತ್ತದೆ. ಅಕ್ಕಿಯ ಅಳತೆ ಮುಡಿ: ಬೈಹುಲ್ಲಿನಲ್ಲಿ ಗುಂಡಗೆ ಕಟ್ಟಿದ್ದು, ಸಾಮಾನ್ಯವಾಗಿ 42 ಸೇರು. ಗೇಣಿಯ ಲೆಕ್ಕ ಮುಡಿಯಲ್ಲಿ ಬಂದಾಗ ಆ ಮನೆಗೆ ಎಷ್ಟು ತಿಂಗಳ ಊಟ ಎಂದು ಅಂದಾಜಿಸಿ ನೋಡಿ, ಜಗಳದ ತೂಕ ತಿಳಿಯುತ್ತದೆ.

ಹಾಸನದ_ಓದುಗ
ಚೌಕದ ಉಪಾಯ ಚೆನ್ನಾಗಿದೆ. ಪೂರ್ತಿ ಪಟ್ಟಿ ಎಲ್ಲಾದರೂ ಸಿಕ್ಕರೆ ಮೊದಲೇ ನೋಡಿಬಿಡಲೇ?

ಪುಟಗುರುತು
ಬೇಡ. ಯಾರು ಯಾರನ್ನು ಮದುವೆಯಾದರು ಎಂಬುದೇ ಇಲ್ಲಿ ಅರ್ಧ ಕತೆ. ಮಾರ್ಕೆಸ್‌ರ ‘ಒಂದು ನೂರು ವರ್ಷಗಳ ಏಕಾಂತ’ದ ಮಾತು ಬೇರೆ. ಅಲ್ಲಿ ಒಬ್ಬನೇ ತಂದೆಯ 17 ಗಂಡುಮಕ್ಕಳಿಗೂ ಔರೇಲಿಯಾನೋ ಎಂಬ ಹೆಸರು, ಪಟ್ಟಿ ಬೇಕೇ ಬೇಕು. ಇಲ್ಲಿ ಮುಖ್ಯರಾದವರು ಹತ್ತು ಹನ್ನೆರಡು ಮಂದಿ, ಓದುತ್ತ ಬರೆದುಕೊಂಡರೆ ನೆನಪೂ ಗಟ್ಟಿ.

ಹೆಚ್ಚಿನವರು ಎಡವುವುದು ಎರಡು ಕಡೆ. ಮೊದಲ ಭಾಗದ ಗದ್ದೆ, ಕೊಟ್ಟಿಗೆ, ಅಡುಗೆಮನೆಯ ವಿವರ ನಿಧಾನವೆನಿಸಿ ಹಾರಿಸುತ್ತಾರೆ. ಆಮೇಲೆ ಮೊಮ್ಮಗ ಊರಿಗೆ ಮರಳುವುದು ಅವರಿಗೆ ದಿಢೀರ್ ನಿರ್ಧಾರದಂತೆ ಕಾಣುತ್ತದೆ. ಅಲ್ಲಿ ದಿನಕ್ಕೆ 20 ಪುಟ ದಾಟಬೇಡಿ. ಎರಡನೆಯದು, ಲಚ್ಚನ ಮೇಲಿನ ಸಿಟ್ಟಿನಲ್ಲಿ ಆ ಭಾಗವನ್ನು ಬೇಗಬೇಗ ಮುಗಿಸುವುದು. ಅಲ್ಲಿ ಅವನನ್ನು ಬಿಟ್ಟು ಅವನ ಹೆಂಡತಿ ನಾಗವೇಣಿಯನ್ನು ಹಿಂಬಾಲಿಸಿ. ಮನೆಯ ಎಳೆ ಮುಂದಿನ ತಲೆಮಾರಿಗೆ ದಾಟುವುದು ಅವಳ ಕೈಯಿಂದ.

ಮೂರನೆಯ ತಲೆಮಾರಿನಲ್ಲಿ ಊರುಗಳು ಬದಲಾಗುತ್ತವೆ. ಅಷ್ಟು ಹೊತ್ತಿಗೆ ಹಾಳೆಯ ಅಂಚಿನಲ್ಲಿ ಕೋಡಿ (ಐತಾಳರ ಊರು), ಮದರಾಸು, ಮುಂಬಯಿ ಎಂದು ಮೂರು ಕಲಂ ಮಾಡಿಟ್ಟುಕೊಳ್ಳಿ.