ಐದು ಇಂದ್ರಿಯ, ಅರವತ್ತು ಸೆಂಟಿಮೀಟರ್ ದಾರಿ

ಸೀನ ಮೇಜಿನ ಮೇಲೆ ನಕ್ಷೆ ಬಿಡಿಸಿದ. ಅದು ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಹಿಡಿಯಲು ಗುಂಡಣ್ಣನ ಎರಡು ಕೈ, ನಾಣಿಯ ಒಂದು ಮೊಣಕೈ ಬೇಕಾಯಿತು.

"ಇದು ಮಾಮೂಲಿ ತೋಟ ಅಲ್ಲ ಕಣ್ರೋ. ಸೆನ್ಸರಿ ಗಾರ್ಡನ್! ಅಮ್ಮ ಗಾಲಿಕುರ್ಚಿಯಲ್ಲೇ ಓಡಾಡಬಹುದು. ಐದು ಇಂದ್ರಿಯಕ್ಕೂ ಒಂದೊಂದು ವಿಭಾಗ."

"ಮೂಗಿನ ವಿಭಾಗಕ್ಕೆ ಅರ್ಜಿ ಎಲ್ಲಿ ಕೊಡಬೇಕು?" ಎಂದ ನಾಣಿ.

"ನಗಬೇಡ. ಮೂಗಿಗೆ ರೋಸ್ಮರಿ, ತುಳಸಿ, ಪುದೀನ. ಮುಟ್ಟೋಕೆ ದೊಡ್ಡಪತ್ರೆ. ಕಿವಿಗೆ ಕಾರಂಜಿ, ಗಾಳಿಗಂಟೆ."

"ದಾರಿ ಎಷ್ಟು ಅಗಲ?"

"ಮೊದಲು 90 ಸೆಂಟಿಮೀಟರ್ ಇಟ್ಟಿದ್ದೆ. ಕಾರಂಜಿ ಬಂದ ಮೇಲೆ 70 ಆಯಿತು. ಗಾಳಿಗಂಟೆಯ ಕಂಬಕ್ಕೆ ಇನ್ನೊಂದು 10 ಹೋಯಿತು."

"ಅಂದ್ರೆ ಕಿವಿ ಒಂದೇ 30 ನುಂಗಿತು. ನಾಲಿಗೆ ಇನ್ನೂ ಬಾಯಿ ಬಿಟ್ಟಿಲ್ಲ. ಗಾಲಿಕುರ್ಚಿ ಹೋಗೋಕೆ ಕನಿಷ್ಠ 90 ಬೇಕಪ್ಪ. ಪೂರ್ತಿ ತಿರುಗೋಕೆ 150 ಸೆಂಟಿಮೀಟರ್ ಖಾಲಿ ಜಾಗ ಬೇಕು."

"ಹೋಗೋಕೇ ಆಗಲ್ಲ ಅಂದಮೇಲೆ ತಿರುಗೋ ಜಾಗ ಯಾಕೆ?" ಗುಂಡಣ್ಣನ ತರ್ಕ ಯಾವಾಗಲೂ ಹೀಗೆ, ಬೇಡದ ಹೊತ್ತಿಗೆ ಸರಿಯಾಗಿರುತ್ತದೆ.

"ಇದೇನು ಚುಕ್ಕಿ ಚುಕ್ಕಿ?"

"ದಾರಿಗೆ ಬೆಣಚುಕಲ್ಲು. ಸ್ಪರ್ಶದ ಅನುಭವಕ್ಕೆ."

"ಅನುಭವ ಗಾಲಿಗೆ ಆಗುತ್ತೆ. ಅದೂ ಜಾಸ್ತಿ ಹೊತ್ತು, ಒಂದೇ ಕಡೆ ನಿಂತು. ಸರಿ, ಈ ಪಾತಿ ಯಾಕೆ ಇಷ್ಟು ಅಗಲ? ಕುಳಿತವರ ಕೈ ಒಂದು ಕಡೆಯಿಂದ 60 ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ಅದರಾಚೆ ಇರೋದು ಯಾರಿಗೆ?"

"ಅದು ಕಣ್ಣಿನ ವಿಭಾಗ."

"ಅಮ್ಮನಿಗೆ ಕಣ್ಣು ಮಂಜು ಅಲ್ವಾ?"

ಸೀನ ಕೆಮ್ಮಿದ. "ನೋಡೋಕೆ ಬರೋರಿಗೂ ಕಣ್ಣಿರುತ್ತಲ್ಲ ಮಾರಾಯ."

"ಅಂತೂ ಬಂತು ನಿಜ! ತೋಟ ಅಮ್ಮನಿಗೆ, ಫೋಟೋ ಊರಿಗೆ. ಪುದೀನ, ರೋಸ್ಮರಿ ಎರಡನ್ನೂ ಒಂದೇ ಪಾತಿಗೆ ಹಾಕಿದ್ದೀಯ. ಪುದೀನಕ್ಕೆ ಒದ್ದೆ ಮಣ್ಣು ಬೇಕು, ರೋಸ್ಮರಿಗೆ ಬೇರು ಒದ್ದೆಯಾದರೆ ಕೊಳೆಯುತ್ತೆ. ಸಾಲದ್ದಕ್ಕೆ ಪುದೀನ ಬಾಡಿಗೆಗೆ ಬಂದವನು ಮನೆ ಬರೆಸಿಕೊಂಡ ಹಾಗೆ ಪಾತಿ ಪೂರ್ತಿ ಹಬ್ಬುತ್ತೆ. ಅದಕ್ಕೆ ಬೇರೆ ಕುಂಡ ಕೊಡು. ನಿಂಬೆಹುಲ್ಲನ್ನು ದಾರಿಯಂಚಿಗೆ ಬೇರೆ ಇಟ್ಟಿದ್ದೀಯ. ಅದರ ಎಲೆಯಂಚು ಕೈ ಕೊಯ್ಯುತ್ತೆ, ಗೊತ್ತಾ?"

"ಪುದೀನ ನಾಲಿಗೆಗೆ ತಣ್ಣಗಿರುತ್ತಲ್ಲ, ಅದು ಹೇಗೆ?" ಗುಂಡಣ್ಣ ಮಾತನ್ನು ಬೇರೆಲ್ಲೋ ಎಳೆದ.

"ತಣ್ಣಗೇನೂ ಇಲ್ಲ. ಅದರೊಳಗಿನ ಮೆಂಥಾಲ್ ತಂಪನ್ನು ಗುರುತಿಸೋ ನರವನ್ನೇ ಏಮಾರಿಸುತ್ತೆ. ಬಿಸಿ, ತಂಪು, ಸ್ಪರ್ಶ ನಮಗೆ ಹೇಗೆ ಗೊತ್ತಾಗುತ್ತೆ ಅಂತ ಕಂಡುಹಿಡಿದ ಇಬ್ಬರಿಗೆ 2021ರಲ್ಲಿ ನೊಬೆಲ್ ಬಂತು. ಆ ಕೆಲಸದಲ್ಲಿ ಮೆಂಥಾಲ್‌ದೂ ಪಾಲಿದೆ. ಪಾಪ, ಅವರು ಕಾರಂಜಿ ಇಲ್ಲದೇ ಮಾಡಿದರು."

"ಕಾರಂಜಿ ಸುದ್ದಿ ಬಿಡು!" ಸೀನನಿಗೆ ರೇಗಿತು. "ಬೋರ್ಡ್ ಆದರೂ ಇರಲಿ. 'ಇಲ್ಲಿ ಎಲೆ ಉಜ್ಜಿ, ವಾಸನೆ ನೋಡಿ' ಅಂತ."

"ವಾಸನೆಯ ಎಣ್ಣೆ ಎಲೆ ಮೇಲಿನ ಸಣ್ಣ ಸಣ್ಣ ಗ್ರಂಥಿಗಳಲ್ಲೇ ಇರುತ್ತೆ. ಸೆರಗು ತಾಗಿದರೂ ಸಾಕು. ದಾರಿ ಪಕ್ಕದಲ್ಲಿ ಇಟ್ಟರೆ ಬೋರ್ಡ್ ಓದದವರಿಗೂ ಬರುತ್ತೆ."

ಒಳಗಿನಿಂದ ಅಮ್ಮನ ದನಿ ಬಂತು. ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದರು.

"ಸೀನಾ, ನೀರು ನಾನೇ ಹಾಕೋದು ತಾನೇ?"

"ಬೇಡಮ್ಮ, ಹನಿ ನೀರಾವರಿ ಹಾಕಿಸ್ತೀನಿ. ಎಲ್ಲಾ ಟೈಮರ್. ನೀನು ಸುಮ್ನೆ ಕೂತು ಅನುಭವಿಸು."

"ಸುಮ್ನೆ ಕೂತು ಅನುಭವಿಸಿದ್ದು ಸಾಕಾಗಿದೆ ಕಣೋ. ಯಾವುದಾದರೂ ಒಂದು ಗಿಡಕ್ಕಾದರೂ ನಾನು ನೀರು ಮರೆತರೆ ಬಾಡೋ ಭಯ ಇರಲಿ."

ನಾಣಿ ಕೂಡ ಬಾಯಿ ತೆರೆಯಲಿಲ್ಲ. ಗುಂಡಣ್ಣ ಕೈ ಬಿಟ್ಟ, ನಕ್ಷೆ ತಾನಾಗಿ ಸುತ್ತಿಕೊಂಡಿತು.

"ಬಿಡಿಸೋ ಮತ್ತೆ," ಎಂದ ಸೀನ. ರಬ್ಬರ್ ಹುಡುಕಿದ. ಟೈಮರ್ ಅಳಿಸಿದ. ಕುಳಿತವರ ಕೈಗೆ ಎಟುಕುವಂತೆ ನಲ್ಲಿ ಬರೆದ. ಪಾತಿಯನ್ನು ಮೇಜಿನಂತೆ ಎತ್ತರಿಸಿ, ಅಡಿಯಲ್ಲಿ ಮೊಣಕಾಲು ಹೋಗಲು ಜಾಗ ಬಿಟ್ಟ. ಕಾರಂಜಿಯ ಮೇಲೆ ರಬ್ಬರ್ ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಅದೂ ಹೋಯಿತು.

"ದಾರಿ ಎಷ್ಟಾಯಿತು?"

"80. ಗಾಳಿಗಂಟೆಯ ಕಂಬ ಇದೆಯಲ್ಲ. ಅದಕ್ಕೆ ದುಡ್ಡು ಕೊಟ್ಟಾಗಿದೆ ಕಣೋ."

"ನಿನ್ನ ಕೋಣೆ ಕಿಟಕಿಗೆ ಕಟ್ಕೋ," ಎಂದ ನಾಣಿ. "ರಾತ್ರಿಯೆಲ್ಲ ಅನುಭವಿಸು."