ಸಹಾಯ ಬೇಕು: ನಾಡಹುಪ್ ಭಾಷೆಗಳ ವರ್ಗೀಕರಣ

ಸದಸ್ಯರಿಗೆ ನಮಸ್ಕಾರ. ವಾಯವ್ಯ ಅಮೆಜಾನಿನ ನಾಡಹುಪ್ ಎಂಬ ಪುಟ್ಟ ಭಾಷಾ ಕುಟುಂಬದ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ವಂಶವೃಕ್ಷದ ಚಿತ್ರ ಬರೆಯುವಲ್ಲಿ ತೊಡಕಾಗಿದೆ. ನಾದೆಬ್, ದಾವ್, ಹುಪ್, ಯುಹುಪ್ ಎಂಬ ನಾಲ್ಕು ಭಾಷೆಗಳು ಇದಕ್ಕೆ ಸೇರುತ್ತವೆ. ಹುಪ್ ಮತ್ತು ಯುಹುಪ್ ತೀರಾ ಹತ್ತಿರದವು, ನಾದೆಬ್ ಎಲ್ಲಕ್ಕಿಂತ ದೂರದ್ದು. ಹಳೆಯ ಬರಹಗಳು ಇವನ್ನು ಕೊಲಂಬಿಯಾದ ಕಾಕುವಾ, ನುಕಾಕ್ ಭಾಷೆಗಳ ಜೊತೆ 'ಮಾಕು' ಎಂಬ ಒಂದೇ ಹೆಸರಿನಡಿ ಇರಿಸಿದ್ದವು. ಆ ಹೆಸರು ಹೀನಾರ್ಥದ್ದಾದ್ದರಿಂದ ನಾನದನ್ನು ಬಳಸುವುದಿಲ್ಲ. ನಾಡಹುಪ್ ಭಾಷೆಗಳಿಗೂ ಕಾಕುವಾ, ನುಕಾಕ್ ಭಾಷೆಗಳಿಗೂ ಇರುವುದೆನ್ನಲಾದ ಈ ನಂಟಿಗೆ ಗಟ್ಟಿ ಪುರಾವೆಯಿಲ್ಲವೆಂದು ಭಾಷಾವಿಜ್ಞಾನಿಗಳಾದ ಪೇಶನ್ಸ್ ಎಪ್ಸ್ ಮತ್ತು ಕ್ಯಾಥರಿನ್ ಬೊಲಾನ್ಯೋಸ್ 2017ರಲ್ಲಿ ವಾದಿಸಿದ್ದಾರೆ.

ನನ್ನನ್ನು ಹಿಡಿದಿಟ್ಟಿರುವುದು ಸಂಖ್ಯಾವಾಚಕಗಳು. ಹುಪ್ ಭಾಷೆಯಲ್ಲಿ ಎರಡು ಎಂದರೆ 'ಕಣ್ಣಿನಷ್ಟು', ಮೂರು ಎಂದರೆ 'ರಬ್ಬರ್ ಬೀಜದಷ್ಟು' (ಅದರ ಕಾಯಿಯೊಳಗೆ ಮೂರು ಬೀಜಗಳಿರುತ್ತವೆ), ನಾಲ್ಕಕ್ಕೆ ಒಡಹುಟ್ಟಿದವರು ಜೊತೆಗಿರುವ ಅರ್ಥದ ಪದ. ಇಷ್ಟು ಪಾರದರ್ಶಕವಾದ ಪದಗಳು ಈ ಭಾಷೆಗಳೆಲ್ಲ ಹುಟ್ಟಿಬಂದ ಮೂಲಭಾಷೆಯ ಹಳೆಯ ರೂಪಕ್ಕೆ ಸಾಕ್ಷಿಯಾಗಲಾರವು ಎಂಬುದು ನನ್ನ ಅನಿಸಿಕೆ. ಮೇಲಾಗಿ, ವಾಉಪೆಸ್ ನದಿ ಪ್ರದೇಶದಲ್ಲಿ ಹುಪ್ ಭಾಷೆ ನೆರೆಯ ತುಕಾನೋ ಭಾಷೆಗಳಿಂದ ವ್ಯಾಕರಣ ಲಕ್ಷಣಗಳನ್ನೇ ಪಡೆದಿದೆ; ಹಾಗಾಗಿ ಹೋಲಿಕೆಗಳೆಲ್ಲ ಒಂದೇ ಮೂಲದಿಂದ ಬಂದವೆನ್ನಲಾಗದು.

ವಾಲ್ತೇರ್ ಮಾರ್ಟಿನ್ಸ್ ಅವರ 2005ರ ಪ್ರಬಂಧದಲ್ಲಿ ಧ್ವನಿ ಸಂವಾದಗಳ (ಒಂದು ಭಾಷೆಯ ಧ್ವನಿಗೆ ಇನ್ನೊಂದರಲ್ಲಿ ನಿಯಮಿತವಾಗಿ ಹೊಂದುವ ಧ್ವನಿಗಳ) ಪಟ್ಟಿಗಳಿವೆ, ಆದರೆ ಅದು ಪೋರ್ಚುಗೀಸಿನಲ್ಲಿದೆ. ಆ ಭಾಷೆ ಬಲ್ಲವರು ಕೆಲವು ಪುಟಗಳ ವಿವರಣೆಯನ್ನು ಓದಿ ಹೇಳಲು ಸಾಧ್ಯವೇ? ಕುಟುಂಬದೊಳಗಿನ ಹತ್ತಿರದ ಭಾಷೆಗಳ ಗುಂಪಿಗೆ 'ಉಪಶಾಖೆ', 'ಒಳಗುಂಪು' ಇವುಗಳಲ್ಲಿ ಯಾವ ಪದ ಸೂಕ್ತವೆಂಬುದನ್ನೂ ದಯವಿಟ್ಟು ತಿಳಿಸಿ.