'ಆಳ' ಅಂದರೆ ಕೆಳಕ್ಕೋ, ಒಳಕ್ಕೋ?

ಎಲ್ಲರಿಗೂ ನಮಸ್ಕಾರ. ಉಡುಪಿಯ ಹೈಸ್ಕೂಲ್ ಮಕ್ಕಳಿಗಾಗಿ ಭೂಮಿಯ ಅತಿ ಆಳದ ಜಾಗಗಳ ಬಗ್ಗೆ ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. 'ಆಳ' ಅನ್ನೋ ಪದದ ಹತ್ತಿರವೇ ನಿಂತುಬಿಟ್ಟಿದ್ದೇನೆ.

ಮಲ್ಪೆಯಲ್ಲಿ 'ಆಳಸಮುದ್ರ ಬೋಟು' ಅಂದರೆ ದಡ ಬಿಟ್ಟು ದೂರ ಹೋಗಿ, ದಿನಗಟ್ಟಲೆ ಅಲ್ಲೇ ಇದ್ದು ಮೀನು ಹಿಡಿಯುವ ಬೋಟು. ಅಲ್ಲಿ ಆಳಕ್ಕಿಂತ ದೂರವೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ನೆಲ್ಲಿತೀರ್ಥದ ಗುಹೆಯಲ್ಲೂ ಹಾಗೇ. ತೊಟ್ಟಿಕ್ಕುವ ನೀರಿನಲ್ಲಿ, ಕೆಸರಿನ ಮೇಲೆ ಮೊಣಕಾಲೂರಿ ಹೋಗುತ್ತಿದ್ದಾಗ ಹಿಂದಿದ್ದ ಹೆಂಗಸೊಬ್ಬರು "ಇನ್ನೆಷ್ಟು ಆಳ ಉಂಟು ಮಾರಾಯ್ರೆ?" ಅಂತ ಕೇಳಿದರು. ಅದು ಒಳಕ್ಕೆ ಹೋಗುವ ಗುಹೆ, ಸುಮಾರು 200 ಮೀಟರ್. ಅವರ ಮಾತು ನನಗೆ ಸರಿಯಾಗಿಯೇ ಕೇಳಿಸಿತು.

ಆದರೆ ಕಪ್ಪು ಸಮುದ್ರದ ಪಕ್ಕದ ಅಬ್ಖಾಜಿಯಾದ ವೆರ್ಯೋವ್ಕಿನಾ ಗುಹೆ ಬೇರೆ ಥರ. ಹಗ್ಗ ಹಿಡಿದು ಒಂದು ಬಾವಿಯಿಂದ ಇನ್ನೊಂದು ಬಾವಿಗೆ ಇಳಿದಂತೆ ಹೋಗಬೇಕು, 2,200 ಮೀಟರಿಗೂ ಜಾಸ್ತಿ. ಎರಡನ್ನೂ 'ಆಳದ ಗುಹೆ' ಅಂದರೆ ಮಕ್ಕಳ ಕಣ್ಣಿಗೆ ಒಂದೇ ಚಿತ್ರ ಬರುತ್ತದೆ. 'ಇಳಿಗವಿ' ಅನ್ನಬಹುದೇ?

ಮಂಜುಗಡ್ಡೆಯದು ಇನ್ನೊಂದು ಗೊಂದಲ. ಅಂಟಾರ್ಕ್ಟಿಕಾದಲ್ಲಿ ಮಂಜುಗಡ್ಡೆಯ ಅಡಿಯಲ್ಲಿರುವ ವೋಸ್ತೋಕ್ ಸರೋವರದ ನೀರನ್ನು ರಷ್ಯಾದವರು 2012ರಲ್ಲಿ ಮುಟ್ಟಿದ್ದು ಸುಮಾರು 3,770 ಮೀಟರ್ ಕೊರೆದ ಮೇಲೆ. ಕೊರೆದವರಿಗೆ ಅದು ಆಳ, ಗಡ್ಡೆಗೆ ಅದು ದಪ್ಪ. ಇಲ್ಲಿ ಎರಡೂ ಪದ ಬಳಸುತ್ತೇನೆ.

ಕಡಲಿಗೆ ಮಾತ್ರ ನಮ್ಮದೇ ಪದ ಇದೆ ಅನಿಸುತ್ತದೆ: ಮಾರು. ಮಲ್ಪೆ ದಕ್ಕೆಯಲ್ಲಿ ವಯಸ್ಸಾದವರೊಬ್ಬರು ಹಗ್ಗ ಅಳೆಯುವುದನ್ನು ನೋಡಿದ್ದೆ. ಎರಡೂ ಕೈ ಅಗಲಿಸಿ ಹಗ್ಗ ಎಳೆದರು, ಎದೆಯ ಹತ್ತಿರ ತಂದು ಮಡಿಸಿದರು, "ಒಂದು ಮಾರು" ಅಂದರು. ಮತ್ತೆ ಕೈ ಅಗಲಿಸಿದರು. ಇಂಗ್ಲಿಷಿನ ಫ್ಯಾದಮ್ ಹುಟ್ಟಿದ್ದೂ ಹೀಗೆ ಚಾಚಿದ ಕೈಗಳಿಂದಲೇ, ಈಗ ಅದು ಆರು ಅಡಿ. 1875ರಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ಸಂಶೋಧನಾ ಹಡಗಿನವರು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿದಾಗ ಸಿಕ್ಕಿದ್ದು 4,475 ಫ್ಯಾದಮ್. ಅಲ್ಲಿನ ಅತಿ ಆಳದ ಜಾಗ ಸುಮಾರು 10,900 ಮೀಟರ್, ಅಂದರೆ ಹತ್ತಿರಹತ್ತಿರ 6,000 ಮಾರು. 1960ರಲ್ಲಿ ಪಿಕಾರ್ ಮತ್ತು ವಾಲ್ಶ್ ಇಬ್ಬರೂ ಮುಳುಗುನೌಕೆಯಲ್ಲಿ ಕೂತು ಅಲ್ಲಿಗೆ ಇಳಿದು ಬಂದರು.

'ಆರು ಸಾವಿರ ಮಾರು' ಅಂದರೆ ಮಲ್ಪೆಯ ಮಗುವಿಗೆ ತನ್ನ ಅಜ್ಜನ ಕೈ ಕಾಣುತ್ತದೆ. ಘಟ್ಟದ ಮೇಲಿನ ಮಕ್ಕಳಿಗೂ ಈ ಪದ ಗೊತ್ತೇ? ಹೂವಿನವರು ಮೊಳ, ಮಾರು ಅನ್ನುವುದು ಈಗಲೂ ಕೇಳಿಸುತ್ತದೆ. ಕಡಲಿನ ಆಳಕ್ಕೆ ಕುಂದಾಪುರ, ಕಾರವಾರ ಕಡೆ ಏನನ್ನುತ್ತಾರೆ, ದಯವಿಟ್ಟು ತಿಳಿಸಿ.